ರಾತ್ರಿ ಪಾಳಿಯವರ ಟಿಪ್ಪಣಿ

ಡಿಸ್ಕ್ ತುಂಬಿದೆ ಎಂದು ನಡುರಾತ್ರಿ ಸರ್ವರ್‌ನಿಂದ ಅಲರ್ಟ್ ಬರುತ್ತದೆ. ದೊಡ್ಡದೊಂದು ಲಾಗ್ ಫೈಲ್ ಹುಡುಕಿ ಅಳಿಸಿದರೂ ಜಾಗ ಒಂದಿಷ್ಟೂ ತೆರವಾಗುವುದಿಲ್ಲ. ‘ಡಿಎಫ್’ ಕಮಾಂಡ್ ಕೇಳಿದರೆ ಡಿಸ್ಕ್ ಪೂರ್ತಿ ತುಂಬಿದೆ ಎನ್ನುತ್ತದೆ. ‘ಡಿಯು’ ಕೇಳಿದರೆ ಅರ್ಧವೂ ತುಂಬಿಲ್ಲ ಎನ್ನುತ್ತದೆ. ಎರಡು ಹೇಳುವುದೂ ನಿಜವೇ. ಲಿನಕ್ಸ್‌ನಲ್ಲಿ ಫೈಲನ್ನು ಅಳಿಸಿದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಓಡುತ್ತಿರುವ ತನಕ ಆ ಜಾಗ ಬಿಡುಗಡೆಯಾಗದು. ಅದು ಯಾವ ಪ್ರೋಗ್ರಾಂ ಎಂದು ‘ಎಲ್‌ಎಸ್‌ಒಎಫ್’ ತೋರಿಸಿಕೊಡುತ್ತದೆ. ಅದನ್ನು ರೀಸ್ಟಾರ್ಟ್ ಮಾಡಿದರೆ ಸಮಸ್ಯೆ ಮುಗಿಯಿತು. ಗೊತ್ತಿದ್ದವರಿಗೆ ಕೆಲವೇ ನಿಮಿಷದ ಕೆಲಸ, ಗೊತ್ತಿಲ್ಲದವರಿಗೆ ರಾತ್ರಿಯಿಡೀ ಪರದಾಟ.

ಇಂಥವನ್ನು ಒಮ್ಮೆ ಕಂಡಾಗಲೇ ಬರೆದಿಟ್ಟುಕೊಳ್ಳುವುದು ಸಿಸ್ಟಂ ಅಡ್ಮಿನ್‌ಗಳ ಹಳೆಯ ರೂಢಿ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್, ಆಸ್ಪತ್ರೆಯ ದಾಖಲೆ ಎಲ್ಲಕ್ಕೂ ಆಧಾರವಾದ ಸರ್ವರ್‌ಗಳನ್ನು ಕಾಯುವವರು ಇವರು. ಬೇರೆ ದೇಶಗಳ ಹಗಲಿನ ವ್ಯವಹಾರಕ್ಕಾಗಿ ಬೆಂಗಳೂರಿನಲ್ಲಿ ರಾತ್ರಿ ಎಚ್ಚರವಿರುವವರೂ ಇವರಲ್ಲಿದ್ದಾರೆ. ಸಾಮಾನ್ಯವಾಗಿ ಪ್ರತಿಯೊಬ್ಬರ ಬಳಿಯೂ ‘ಬಿನ್’ ಎಂಬ ಸ್ವಂತ ಫೋಲ್ಡರ್ ಒಂದಿರುತ್ತದೆ. ಅದರಲ್ಲಿ ಸಣ್ಣಪುಟ್ಟ ಸ್ಕ್ರಿಪ್ಟ್‌ಗಳು: ವೆಬ್‌ಸೈಟಿನ ಸರ್ಟಿಫಿಕೇಟ್ ಅವಧಿ ಮುಗಿಯಲು ಎಷ್ಟು ದಿನ ಉಳಿದಿದೆ ಎಂದು ನೋಡುವುದೊಂದು, ಹಳೆಯ ಲಾಗ್‌ಗಳನ್ನು ಕುಗ್ಗಿಸಿಡುವುದೊಂದು, ನಿನ್ನೆಯ ಬ್ಯಾಕಪ್ ನಿಜಕ್ಕೂ ಆಗಿದೆಯೇ ಎಂದು ಪರೀಕ್ಷಿಸುವುದು ಇನ್ನೊಂದು.

ಈ ರೂಢಿಯ ಬೇರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದೆ. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಕೈಪಿಡಿಯ ಮೊದಲ ಆವೃತ್ತಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಅದರ ಆರನೆಯ ಭಾಗವನ್ನು ಬಳಕೆದಾರರೇ ಬರೆದು ನೋಡಿಕೊಳ್ಳುವ ಪ್ರೋಗ್ರಾಂಗಳಿಗೆ ಮೀಸಲಿಟ್ಟಿದ್ದರು. ನನಗೆ ಅದಕ್ಕಿಂತಲೂ ಮೆಚ್ಚುಗೆಯಾಗುವುದು ಪುಟಗಳಲ್ಲಿ ಬರುವ ‘ಬಗ್ಸ್’ ಎಂಬ ಶೀರ್ಷಿಕೆ. ತಾವು ಕಟ್ಟಿದ್ದರಲ್ಲಿ ಏನು ಕೆಟ್ಟಿದೆ, ಎಲ್ಲಿ ಹುಷಾರಾಗಿರಬೇಕು ಎಂದು ಕಟ್ಟಿದವರೇ ಅಲ್ಲಿ ಬರೆದಿಟ್ಟರು. ಉಪಕರಣದ ಗುಣಗಾನವಷ್ಟೇ ಇರುವ ಕೈಪಿಡಿ ರಾತ್ರಿ ಪಾಳಿಯವರ ಉಪಯೋಗಕ್ಕೆ ಬರುವುದಿಲ್ಲ. ಮುಂದೆ 1973ರಲ್ಲಿ, ಬೆಲ್ ಲ್ಯಾಬ್ಸ್‌ನವರೇ ಆದ ಡಗ್ ಮ್ಯಾಕಿಲ್‌ರಾಯ್ ಬಹುಕಾಲದಿಂದ ಒತ್ತಾಯಿಸುತ್ತಿದ್ದ ‘ಪೈಪ್’ ಯುನಿಕ್ಸ್‌ಗೆ ಬಂತು. ಒಂದು ಕಮಾಂಡಿನ ಉತ್ತರವನ್ನು ನೇರವಾಗಿ ಇನ್ನೊಂದರ ಕೈಗೆ ಕೊಡಲು ಸಾಧ್ಯವಾದ ಮೇಲೆ, ಸಣ್ಣ ಉಪಕರಣಗಳನ್ನು ಜೋಡಿಸಿ ಒಂದೇ ಸಾಲಿನಲ್ಲಿ ದೊಡ್ಡ ಕೆಲಸ ಮಾಡುವುದು ಸುಲಭವಾಯಿತು. ಜತನ ಮಾಡಿಡಬೇಕಾದ ಸಾಲುಗಳೂ ಹೆಚ್ಚಿದವು.

ಕಂಪ್ಯೂಟರೇ ನೆನಪಿಟ್ಟುಕೊಳ್ಳುತ್ತದಲ್ಲ ಎಂದು ನಂಬುವವರಿದ್ದಾರೆ. ಆದರೆ ಕಮಾಂಡ್‌ಗಳನ್ನು ಓದಿ ಓಡಿಸುವ ‘ಬ್ಯಾಶ್’ ಶೆಲ್ ತಾನಾಗಿ ಉಳಿಸಿಕೊಳ್ಳುವುದು ಕೊನೆಯ 500 ಕಮಾಂಡ್‌ಗಳನ್ನು ಮಾತ್ರ, ಅದೂ ಏಕೆ ಕೊಟ್ಟದ್ದೆಂಬ ವಿವರವಿಲ್ಲದೆ. ಆ ‘ಏಕೆ’ಯೇ ಟಿಪ್ಪಣಿಯ ಜೀವ. ಒಂದು ಸಾಮಾನ್ಯ ಉದಾಹರಣೆ: ಕೈಯಾರೆ ಓಡಿಸಿದಾಗ ಸರಿಯಾಗಿರುವ ಸ್ಕ್ರಿಪ್ಟ್, ನಿಗದಿತ ಹೊತ್ತಿಗೆ ತಾನಾಗಿ ಓಡಲೆಂದು ‘ಕ್ರಾನ್‌’ಗೆ ಒಪ್ಪಿಸಿದ ಕೂಡಲೇ ಕೈಕೊಡುತ್ತದೆ. ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ ಕ್ರಾನ್‌ನಲ್ಲಿ ತೀರ ಚಿಕ್ಕದು. ಅದಕ್ಕೇ ಸ್ಕ್ರಿಪ್ಟ್‌ನಲ್ಲಿ ಕಮಾಂಡಿನ ಪೂರ್ತಿ ವಿಳಾಸ ಬರೆಯುತ್ತಾರೆ. ಕಾರಣವನ್ನು ಪಕ್ಕದಲ್ಲಿ ಬರೆದಿಡದಿದ್ದರೆ ಮುಂದೆ ಬಂದವರು ಇಷ್ಟುದ್ದ ಏಕೆಂದು ಅದನ್ನು ಕತ್ತರಿಸಿಬಿಡುತ್ತಾರೆ.

ಬರೀ ಎಚ್ಚರಿಕೆಯೂ ಸಾಲದು. ಲಿನಕ್ಸ್‌ನ ಸ್ಟೀಮ್ ಗೇಮ್ ತಂತ್ರಾಂಶದ ಸ್ಕ್ರಿಪ್ಟ್‌ನಲ್ಲಿ, ಒಂದು ಫೋಲ್ಡರಿನೊಳಗಿನದನ್ನೆಲ್ಲ ಅಳಿಸುವ ಸಾಲಿನ ಮೇಲೆ ‘ಭಯವಾಗುತ್ತದೆ!’ ಎಂಬರ್ಥದ ಒಂದೇ ಪದದ ಟಿಪ್ಪಣಿ ಇತ್ತು. ಫೋಲ್ಡರಿನ ಹೆಸರು ಖಾಲಿಯಾಗಿ ಬಂದರೆ ಆ ಸಾಲು ಡಿಸ್ಕಿನ ಬುಡದಿಂದಲೇ ಅಳಿಸತೊಡಗುತ್ತಿತ್ತು. 2015ರ ಜನವರಿಯಲ್ಲಿ ಈ ದೋಷ ಬಯಲಾಗುವ ಹೊತ್ತಿಗೆ ಕೆಲವರು ತಮ್ಮ ಫೈಲುಗಳನ್ನು ಕಳೆದುಕೊಂಡಿದ್ದರು. ಹೆಸರಿನ ನಂತರ ಒಂದು ಕೋಲನ್, ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದ್ದರೆ ಖಾಲಿ ಹೆಸರು ಕಂಡಲ್ಲೇ ಸ್ಕ್ರಿಪ್ಟ್ ನಿಂತುಬಿಡುತ್ತಿತ್ತು.

ತಪ್ಪಾದ ಮೇಲೆ ಬರೆಯುವ ಟಿಪ್ಪಣಿಗೂ ಬೆಲೆಯಿದೆ. 2017ರ ಜನವರಿ 31ರಂದು, ಪ್ರೋಗ್ರಾಂಗಳ ಕೋಡ್ ಇಟ್ಟುಕೊಳ್ಳುವ ಜಾಲತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್ ಫೋಲ್ಡರನ್ನೇ ಅಳಿಸಿದರು. ದಿನವೂ ಓಡಬೇಕಿದ್ದ ಬ್ಯಾಕಪ್ ಸ್ಕ್ರಿಪ್ಟ್, ಡೇಟಾಬೇಸ್ ತಂತ್ರಾಂಶದ ಆವೃತ್ತಿ ಹೊಂದದೆ ಸದ್ದಿಲ್ಲದೆ ಸೋಲುತ್ತಿತ್ತೆಂಬುದು ಆಗ ತಿಳಿಯಿತು. ಸುಮಾರು ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆ ತೆಗೆದಿದ್ದ ನಕಲು ಅವರನ್ನು ಉಳಿಸಿತು. ಆ ತಂಡ ತನ್ನ ದುರಸ್ತಿಯ ಟಿಪ್ಪಣಿಯನ್ನು ಆಗಲೇ ಎಲ್ಲರಿಗೂ ತೆರೆದಿಟ್ಟಿತು, ತಪ್ಪಿತಸ್ಥನನ್ನು ಹುಡುಕುವ ಬದಲು ಕಾರಣಗಳನ್ನು ವಿವರವಾಗಿ ಬರೆದು ಪ್ರಕಟಿಸಿತು. ಈ ವೃತ್ತಿಯ ಅತ್ಯುತ್ತಮ ಬರಹಗಳಲ್ಲಿ ಅದನ್ನು ನಾನು ಎಣಿಸುತ್ತೇನೆ.

ಹೊಸದಾಗಿ ಟಿಪ್ಪಣಿಗಳ ಸಂಗ್ರಹ ಶುರುಮಾಡುವವರಿಗೆ ಬೇಕಾದದ್ದು ಕಡಿಮೆ. ಸಾದಾ ಪಠ್ಯದ ಫೈಲು ಸಾಕು, ಬದಲಾವಣೆಗಳ ಇತಿಹಾಸ ಉಳಿಸಲು ಗಿಟ್ ಇದೆ. ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಎಂದೂ ಬರೆಯಬಾರದು. ಟಿಪ್ಪಣಿ ಸರಿಯಾಗಿದೆಯೇ ಎಂದು ತಿಳಿಯಲು ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಅದನ್ನು ಕೊಟ್ಟು, ಪರೀಕ್ಷಾ ಸರ್ವರ್ ಮುಂದೆ ಕೂರಿಸಬೇಕು. ಅವರು ಎಲ್ಲೆಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಲ್ಲಿ ಉತ್ತರವನ್ನು ಅವರಿಂದಲೇ ಬರೆಸಬೇಕು.