ಹೊಸಪೇಟೆಯ ಬೇಸಿಗೆಗೆ ಒಂದು ಗೇಮಿಂಗ್ ಪಿಸಿ

‘ಐವತ್ತು ಸಾವಿರದೊಳಗೆ ಗೇಮಿಂಗ್ ಪಿಸಿ’ ಎಂದು ಯೂಟ್ಯೂಬಿನಲ್ಲಿ ಜೋಡಿಸಿ ತೋರಿಸುವವರ ಕೋಣೆಯಲ್ಲಿ ಸಾಮಾನ್ಯವಾಗಿ ಏಸಿ ಓಡುತ್ತಿರುತ್ತದೆ. ಹೊಸಪೇಟೆಯ ಹುಡುಗನ ಕೋಣೆ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಊಟವಾದ ಮೇಲೂ ಕಾವು ಇಳಿಸುತ್ತಲೇ ಇರುತ್ತದೆ. ವಿಡಿಯೊದ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಅದೇ ಪಿಸಿ ಸಿಗುತ್ತದೆ, ಅದೇ ಓಟ ಸಿಗುವುದಿಲ್ಲ.

ಆ ಪಟ್ಟಿಗಳಲ್ಲಿ ಮೊದಲ ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಎರಡನೆಯದು ಪ್ರೊಸೆಸರ್‌ಗೆ. ಕ್ಯಾಬಿನೆಟ್ಟು, ಫ್ಯಾನು, ಎಸ್‌ಎಂಪಿಎಸ್ ಇವೆಲ್ಲ ಉಳಿದ ಚಿಲ್ಲರೆಯಲ್ಲಿ. ನಮ್ಮ ಸೀಮೆಗೆ ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕು ಎನ್ನುವುದು ನನ್ನ ವಾದ. ಕಾರ್ಡು ಒಂದು ಮೆಟ್ಟಿಲು ಕೆಳಗಿನದಾದರೂ ಸರಿ, ಕರೆಂಟು ಮತ್ತು ಗಾಳಿಯ ಬಾಬ್ತಿನಲ್ಲಿ ಜುಗ್ಗತನ ಬೇಡ.

ಲೆಕ್ಕ ಸರಳ. ಪ್ರೊಸೆಸರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಮೇಲೆ ಕೂತ ಹೀಟ್‌ಸಿಂಕ್ ಅದನ್ನು ಗಾಳಿಗೆ ದಾಟಿಸುತ್ತದೆ. ಎಷ್ಟು ದಾಟುತ್ತದೆ ಎಂಬುದು ಚಿಪ್ಪಿಗೂ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ ನಿಂತಿದೆ. ಡಬ್ಬದ ಜೊತೆ ಪುಕ್ಕಟೆ ಬರುವ ಕೂಲರ್, ಪೂರ್ತಿ ಹೊರೆಯಲ್ಲಿ ಚಿಪ್ಪನ್ನು ಸುತ್ತಲ ಗಾಳಿಗಿಂತ 50 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. ಏಸಿ ಕೋಣೆಯ 25ಕ್ಕೆ 50 ಸೇರಿಸಿದರೆ 75, ನಿಶ್ಚಿಂತೆ. ನಮ್ಮ ಕೋಣೆಯ 40ಕ್ಕೆ ಕ್ಯಾಬಿನೆಟ್ಟಿನೊಳಗೆ ಏರುವ ಏಳೆಂಟು ಡಿಗ್ರಿ ಕೂಡಿಸಿ, ಮೇಲೆ 50 ಹಾಕಿ: 98 ಆಯಿತು. ರೈಜೆನ್ 5 5600ಜಿ ಎಂಬ ಜನಪ್ರಿಯ ಪ್ರೊಸೆಸರ್‌ಗೆ ಕಂಪನಿ ಹಾಕಿರುವ ಗೆರೆ 95. ಆ ಗೆರೆ ತಟ್ಟಿದ ಚಿಪ್ಪು ಸುಟ್ಟುಹೋಗುವುದಿಲ್ಲ, ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಟದ ನಡುವೆ ಚಿತ್ರ ತಡವರಿಸುತ್ತದೆ, ಬೈಗುಳ ಇಂಟರ್ನೆಟ್ಟಿಗೆ ಬೀಳುತ್ತದೆ.

ಇದಕ್ಕೆ ಕಾಸಿಲ್ಲದ ಒಂದು ಮದ್ದಿದೆ. ಚಿಪ್ಪು ಎಳೆಯುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನೂ ವೋಲ್ಟೇಜನ್ನೂ ಶೇ. 10ರಷ್ಟು ತಗ್ಗಿಸಿದರೆ 0.9 × 0.9 × 0.9, ಅಂದರೆ ಸುಮಾರು 0.73. ಹತ್ತು ಪಾಲು ವೇಗ ಬಿಟ್ಟರೆ ಇಪ್ಪತ್ತೇಳು ಪಾಲು ಬಿಸಿ ತಪ್ಪುತ್ತದೆ. ಬಯೋಸ್‌ನಲ್ಲಿ ಅಥವಾ ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶದಲ್ಲಿ ‘ಪವರ್ ಲಿಮಿಟ್’ ಎಂದಿರುವುದನ್ನು ಮಾರ್ಚಿನಲ್ಲಿ ಇಳಿಸಿ, ಮಳೆ ಬಿದ್ದ ಮೇಲೆ ಏರಿಸಿಕೊಳ್ಳಬಹುದು. ಕಾಸು ಕೊಟ್ಟು ಕೊಳ್ಳುವುದಾದರೆ, ಮುಂಭಾಗ ಜಾಲರಿಯಾಗಿರುವ ಕ್ಯಾಬಿನೆಟ್ಟು ಕೊಳ್ಳಿ. ಗಾಜಿನ ಮುಖ, ಬಣ್ಣದ ದೀಪ ಚೆಂದವೇ, ಆದರೆ ಗಾಜಿನೊಳಗಿಂದ ಗಾಳಿ ನುಗ್ಗುವುದಿಲ್ಲ.

ಇನ್ನು ಎಸ್‌ಎಂಪಿಎಸ್. ಗೋಡೆಯ 230 ವೋಲ್ಟಿನ ಎಸಿಯನ್ನು 12 ವೋಲ್ಟಿನ ಡಿಸಿ ಮಾಡಿಕೊಡುವ ಈ ಪೆಟ್ಟಿಗೆಯನ್ನು ಜನ ‘450 ವಾಟಿಂದು ಕೊಡಣ್ಣ’ ಎಂದು ಕೇಳಿ ಒಯ್ಯುತ್ತಾರೆ. ಆ 450 ಎಷ್ಟು ಡಿಗ್ರಿಯಲ್ಲಿ ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯ ಪೆಟ್ಟಿಗೆಗಳು 40 ಅಥವಾ 50 ಡಿಗ್ರಿಯಲ್ಲಿ ಪೂರ್ತಿ ಹೊರೆ ಹೊರುತ್ತೇವೆಂದು ಬರೆದು ಕೊಡುತ್ತವೆ. ಅಗ್ಗದವು 25ರಲ್ಲಿ ಅಳೆದ ಅಂಕಿಯನ್ನೇ ಹಚ್ಚಿಕೊಂಡಿರುತ್ತವೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಲ್ಲಿ ದ್ರವವಿರುತ್ತದೆ, ಬಿಸಿಗೆ ಅದು ಮೆಲ್ಲಗೆ ಆರುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ಆಯುಸ್ಸು ಇಮ್ಮಡಿ ಎಂಬುದು ಎಂಜಿನಿಯರರ ಒರಟು ಸೂತ್ರ. 105 ಡಿಗ್ರಿಗೆ 2000 ಗಂಟೆ ಎಂದು ನಮೂದಾದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. 85 ಡಿಗ್ರಿಗೆ ಅದೇ 2000 ಗಂಟೆಯ ಅಗ್ಗದ ಕೆಪಾಸಿಟರ್‌ಗೆ 8000 ಗಂಟೆ. ದಿನಕ್ಕೆ ಐದು ತಾಸು ಆಡುವವನಿಗೆ ಮೊದಲನೆಯದು ಹದಿನೇಳು ವರ್ಷ, ಎರಡನೆಯದು ನಾಲ್ಕೂವರೆ. ವಾಸ್ತವದಲ್ಲಿ ಎರಡೂ ಇದಕ್ಕಿಂತ ಬೇಗ ಸೋಲುತ್ತವೆ, ಆದರೆ ನಡುವಿನ ಅಂತರ ಸುಳ್ಳಲ್ಲ.

ಪಿಸಿ ಮುಟ್ಟಿದರೆ ‘ಜುಮ್’ ಅನ್ನುತ್ತದೆ ಎಂಬ ದೂರು ಈ ಕಡೆ ಮಾಮೂಲು. ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಬದಲಿಸುತ್ತಾರೆ, ಹೊಸದೂ ಜುಮ್ ಅನ್ನುತ್ತದೆ. ತಪ್ಪು ಅದರದಲ್ಲ. ಒಳಗಿನ ವಿದ್ಯುತ್ ಗದ್ದಲ ಹೊರಗೆ ಹೋಗದಂತೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರನ್ನು ಲೋಹದ ಮೈಗೆ ಬೆಸೆದಿರುತ್ತಾರೆ. ಮೂರನೇ ಪಿನ್ನಿನ ತಂತಿ ನೆಲ ಮುಟ್ಟಿದ್ದರೆ ಆ ಸಣ್ಣ ಸೋರಿಕೆ ಮಣ್ಣಿಗೆ ಇಳಿಯುತ್ತದೆ. ಇಲ್ಲದಿದ್ದರೆ ಮೈ ಎರಡರ ನಡುವೆ ತೂಗಿಕೊಂಡು ಸುಮಾರು 115 ವೋಲ್ಟಿಗೆ ನಿಲ್ಲುತ್ತದೆ. ಕರೆಂಟು ಒಂದು ಮಿಲಿಆಂಪಿಯರಿನೊಳಗೆ ಇರುವುದರಿಂದ ಬರೀ ಜುಮ್ ಅಷ್ಟೆ. ಹೊಸಪೇಟೆ, ಹಂಪಿಯ ಬಂಡೆ ನೆಲದಲ್ಲಿ ಅರ್ಥಿಂಗ್ ಗುಂಡಿ ಆಳಕ್ಕೆ ತೋಡುವುದೇ ಕಷ್ಟ. ತೋಡಿ ಉಪ್ಪು, ಇದ್ದಿಲು ತುಂಬಿದ್ದರೂ ಬೇಸಿಗೆಗೆ ಒಣಗಿ ನಿಷ್ಪ್ರಯೋಜಕವಾಗುತ್ತದೆ. ವಾರಕ್ಕೊಮ್ಮೆ ಅಲ್ಲಿಗೆ ಒಂದೆರಡು ಕೊಡ ನೀರು ಹಾಕುವುದು ಗೇಮಿಂಗ್ ಪಿಸಿಯ ನಿರ್ವಹಣೆಯ ಭಾಗವೇ. ಸಿಡಿಲಿನಿಂದ ತಂತಿಯಲ್ಲಿ ಬರುವ ಹೊಡೆತ ತಪ್ಪಿಸುವ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಥಿಂಗ್ ಇಲ್ಲದಿದ್ದರೆ ಅರ್ಧ ಕೆಲಸವಷ್ಟೇ ಮಾಡುತ್ತದೆ.

ಪ್ರತ್ಯೇಕ ಯುಪಿಎಸ್ ಬೇಕೇ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿ ನೋಡಿ, ಎಷ್ಟೋ ಮಾದರಿಗಳಲ್ಲಿ ಯುಪಿಎಸ್ ಎಂದು ಒಂದು ಸ್ವಿಚ್ಚಿರುತ್ತದೆ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ತನ್ನಲ್ಲಿ ಕೂಡಿಟ್ಟ ಶಕ್ತಿಯ ಮೇಲೆ ಸುಮಾರು 16 ಮಿಲಿಸೆಕೆಂಡು ತಡೆಯುತ್ತದೆ. ಆ ಸ್ವಿಚ್ಚು ಹಾಕಿದರೆ ಇನ್ವರ್ಟರ್ ಹೆಚ್ಚುಕಡಿಮೆ ಅಷ್ಟರೊಳಗೆ ಹೊರೆ ಹೊತ್ತುಕೊಳ್ಳುತ್ತದೆ. ಹಾಕದಿದ್ದರೆ ಫ್ಯಾನಿಗೆ ಗೊತ್ತೇ ಆಗದ ವಿಳಂಬ ಪಿಸಿಯನ್ನು ಆರಿಸಿಬಿಡುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿರಬೇಕು ಎನ್ನುವುದು ಮಾತ್ರ ಶರತ್ತು.

ಸಂಡೂರಿನ ಧೂಳಿಗೆ ಬರೋಣ. ಅದಿರು ಲಾರಿಗಳ ದಾರಿಯಲ್ಲಿ ಗಿಡದ ಎಲೆಯೇ ಕೆಂಪು, ಕ್ಯಾಬಿನೆಟ್ಟು ಇನ್ನೇನು? ‘ಕಬ್ಬಿಣದ ಪುಡಿ ಅದು, ಬೋರ್ಡ್ ಶಾರ್ಟ್ ಆಗ್ತೈತಿ’ ಎಂಬ ಭಯ ಎಲ್ಲರ ಬಾಯಲ್ಲಿ. ಆ ಕೆಂಪು ಹೆಮಟೈಟ್, ಕಬ್ಬಿಣದ ಆಕ್ಸೈಡು. ಲೋಹದಂತೆ ಅದು ಕರೆಂಟು ಹರಿಸುವುದಿಲ್ಲ, ಅಯಸ್ಕಾಂತಕ್ಕೂ ಗಟ್ಟಿಯಾಗಿ ಅಂಟುವುದಿಲ್ಲ. ತೊಂದರೆ ಬೇರೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತು ಗಾಳಿಯ ದಾರಿ ಮುಚ್ಚುತ್ತದೆ. ನೀರಿನ ಏರ್ ಕೂಲರನ್ನು ಪಿಸಿಯ ಮುಖಕ್ಕೇ ತಿರುಗಿಸಿದರೆ ತೇವ ಹೀರಿ ಅದೇ ಧೂಳು ಮೆತ್ತಿಕೊಳ್ಳುತ್ತದೆ, ಅದರಲ್ಲಿನ ಉಪ್ಪಿನಂಶ ಸೋರಿಕೆಗೂ ತುಕ್ಕಿಗೂ ದಾರಿ ಮಾಡುತ್ತದೆ. ಕಂಪ್ಲಿಯ ಕಡೆ ಭತ್ತದ ಕೊಯ್ಲಿನ ಧೂಳು ಹಗುರ, ಎಳೆಎಳೆ. ಫಿಲ್ಟರ್ ಮೇಲೆ ಹಾಸಿಗೆ ಹಾಸಿದಂತೆ ಕೂರುತ್ತದೆ. ಎರಡಕ್ಕೂ ಉಪಾಯ ಒಂದೇ: ಒಳಗೆ ಎಳೆಯುವ ಫ್ಯಾನು ಎರಡು, ಅವುಗಳ ಮುಂದೆ ಕಳಚಿ ತೊಳೆಯಬಲ್ಲ ಜಾಲರಿ, ಹೊರಗೆ ದೂಡುವ ಫ್ಯಾನು ಒಂದು. ಒಳಗೆ ಒತ್ತಡ ತುಸು ಹೆಚ್ಚಿದ್ದರೆ ಸಂದಿಗಳಿಂದ ಗಾಳಿ ಹೊರಗೇ ನುಸುಳುತ್ತದೆ, ಧೂಳು ಒಳನುಗ್ಗುವುದಿಲ್ಲ.

ಇಷ್ಟಾದ ಮೇಲೆ ಉಳಿದ ಹಣ ಗ್ರಾಫಿಕ್ಸಿಗೆ. 1080ಪಿ ಪರದೆಯಲ್ಲಿ 20,73,600 ಚುಕ್ಕಿಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಇರುವ ಸಮಯ 16.7 ಮಿಲಿಸೆಕೆಂಡು. ಆದರೆ ಬಜೆಟ್ ಕಾರ್ಡುಗಳು ಸೋಲುವುದು ಬಹಳ ಸಲ ಲೆಕ್ಕದ ವೇಗದಲ್ಲಲ್ಲ, ಮೆಮೊರಿಯಲ್ಲಿ. ಹಂಪಿಯ ವಿಠ್ಠಲ ದೇವಸ್ಥಾನದ ಒಂದು ಕಂಬವನ್ನು ಆಟಕ್ಕೆ ತರಬೇಕೆಂದುಕೊಳ್ಳಿ. ಕಲ್ಲಿನ ಮೇಲ್ಮೈಗೆ 4096 × 4096 ಅಳತೆಯ ಒಂದು ಚಿತ್ರ ಹೊದಿಸಿದರೆ, ಚುಕ್ಕಿಗೆ ನಾಲ್ಕು ಬೈಟಿನಂತೆ 64 ಮೆಗಾಬೈಟು, ಕುಗ್ಗಿಸಿದರೂ 16. ಉಬ್ಬುತಗ್ಗಿಗೆ ಇನ್ನೊಂದು, ಹೊಳಪಿಗೆ ಮತ್ತೊಂದು. ಮಂಟಪವಿಡೀ ತುಂಬಿದರೆ 4 ಜಿಬಿ ಕಾರ್ಡು ಕೈಚೆಲ್ಲುತ್ತದೆ. ಆರ್‌ಎಕ್ಸ್ 6600 ಎಂಬ 8 ಜಿಬಿ ಕಾರ್ಡು ತನ್ನ ಮೆಮೊರಿಯಿಂದ ಸೆಕೆಂಡಿಗೆ 224 ಜಿಬಿ ಓದಬಲ್ಲದು, ಅಲ್ಲಿ ಹಿಡಿಸದ್ದನ್ನು ಮದರ್‌ಬೋರ್ಡಿನ ದಾರಿಯಿಂದ ತರಿಸಿಕೊಳ್ಳುವುದಾದರೆ ಹೆಚ್ಚೆಂದರೆ 16. ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಪಾಳು ನಗರಿಯನ್ನು ಕಟ್ಟಿ ನಿಲ್ಲಿಸಿದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ 2022ರಲ್ಲಿ ಪಿಸಿಗೆ ಬಂತು. ನಮ್ಮ ಕಡೆಯ ಕಲ್ಲು ನೋಡುವ ಆಸೆಯಿದ್ದವರು ಎಸ್‌ಎಸ್‌ಡಿಯಲ್ಲಿ ನೂರು ಜಿಬಿಗೂ ಹೆಚ್ಚು ಜಾಗ ಬಿಟ್ಟಿರಬೇಕು.

ಕಾರ್ಡಿಗೆ ದುಡ್ಡು ಸಾಲದೆ ವ್ಯಾಲೊರಂಟ್, ಜಿಟಿಎ 5 ಸಾಕೆನ್ನುವವರು 5600ಜಿಯ ಒಳಗಿರುವ ಗ್ರಾಫಿಕ್ಸಿನಲ್ಲೇ ವರ್ಷ ತಳ್ಳಬಹುದು. ಅದಕ್ಕೆ ಸ್ವಂತ ಮೆಮೊರಿಯಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 3200ರ ಡಿಡಿಆರ್4 ಒಂದೇ 16 ಜಿಬಿ ಪಟ್ಟಿ ಹಾಕಿದರೆ ಸೆಕೆಂಡಿಗೆ 25.6 ಜಿಬಿ, ಎಂಟೆಂಟರ ಎರಡು ಹಾಕಿದರೆ 51.2. ಬೆಲೆ ಹೆಚ್ಚುಕಡಿಮೆ ಒಂದೇ, ಆಟ ಬೇರೆಯೇ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿನಿಂದ ರ‍್ಯಾಮ್ ದುಬಾರಿಯಾಯಿತು, ಆಗಲೂ ಈ ಲೆಕ್ಕ ಬದಲಾಗಲಿಲ್ಲ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತರುವವರು ಇಂದಿಗೂ ಇದ್ದಾರೆ. ಬೆಲೆ ಕಡಿಮೆ ಸಿಗುವುದು ನಿಜ. ಆದರೆ ಮೂರು ವರ್ಷದ ವಾರಂಟಿಗೆ ಜಿಎಸ್‌ಟಿ ಬಿಲ್ಲು ಬೇಕು, ಕೆಟ್ಟರೆ ಮತ್ತೆ ಅದೇ ರೈಲು. ಹಾಗಾಗಿ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡನ್ನು ಊರಿನ ಅಂಗಡಿಯಲ್ಲೇ ಕೊಂಡು, ಕಾರ್ಡನ್ನು ಮಾತ್ರ ಅಲ್ಲಿಂದ ತರುವುದು ಮೇಲು. ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಅದು 2022ರ ಸೆಪ್ಟೆಂಬರಿಗೆ ಮುಂಚೆ ಹಗಲೂ ರಾತ್ರಿ ಈಥೀರಿಯಮ್ ನಾಣ್ಯಕ್ಕಾಗಿ ದುಡಿದದ್ದೂ ಇರಬಹುದು. ಅಂಥದರಲ್ಲಿ ಚಿಪ್ಪಿಗಿಂತ ಮೊದಲು ಸವೆಯುವುದು ಫ್ಯಾನಿನ ಬೇರಿಂಗು ಮತ್ತು ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್. ಎರಡನ್ನೂ ಕೆಲವು ನೂರು ರೂಪಾಯಿಗಳಲ್ಲಿ ಬದಲಿಸಬಹುದು. ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ಅರ್ಧ ತಾಸು ಆಟ ಓಡಿಸಿ ನೋಡಿ, ಸಾಧ್ಯವಾದರೆ ಏಸಿ ಇಲ್ಲದ ಅಂಗಡಿಯಲ್ಲಿ.