ಗೋಡೆ ಮೇಲಿನ ಮಾತು ಯಾರದು?

ಅಕ್ಷರ ಕಲಿಯುವ ಮೊದಲು ನಮಗೆ ಗೋಡೆಗಳು ಸುಮ್ಮನಿದ್ದವು. ಈಗ ಮಾತಾಡುತ್ತವೆ. ಹೊಳೆಹೊನ್ನೂರಿನಲ್ಲಿ ಬಸ್ಸಿನಿಂದ ಇಳಿದು ಸುತ್ತ ನೋಡಿ. ಬಸ್ಸಿನ ಹಣೆ ಮೇಲೆ ಅಕ್ಷರ. ಅಂಗಡಿ ಬೋರ್ಡಿನ ಮೇಲೆ ಅಕ್ಷರ. ಗೋಡೆ ಮೇಲೆ ಸಿಮೆಂಟು, ಗೊಬ್ಬರ, ಸೀರೆ ಅಂಗಡಿ. ಸಂತೆಯಿಂದ ತಂದ ಕಡಲೆಕಾಯಿ ಪೊಟ್ಟಣದ ಮೇಲೂ ಅಕ್ಷರ. ಮೊದಮೊದಲು ನಮಗೆ ಎಲ್ಲವನ್ನೂ ಓದುವ ಆಸೆ. ಓದ್ತಾ ಓದ್ತಾ ಮನೆ ಬಂದದ್ದೇ ಗೊತ್ತಾಗೋದಿಲ್ಲ.

ಆದರೆ ಎಲ್ಲ ಅಕ್ಷರವೂ ಒಂದೇ ಬಗೆಯದಲ್ಲ. ಬಸ್ಸಿನ ಮೇಲೆ ‘ಭದ್ರಾವತಿ’ ಎಂದು ಬರೆದಿದೆ. ಹತ್ತಿದರೆ ಭದ್ರಾವತಿಗೆ ಹೋಗುತ್ತೇವೆ. ಅದು ತಿಳಿಸುವ ಮಾತು. ಪಕ್ಕದ ಗೋಡೆಯಲ್ಲಿ ‘ನಮ್ಮ ಸಿಮೆಂಟಿಗೆ ಸಾಟಿಯೇ ಇಲ್ಲ’ ಎಂದು ಬರೆದಿದೆ. ಹೀಗೆ ಅಂದವರು ಯಾರು? ಸಿಮೆಂಟು ಮಾರುವವರೇ! ತನ್ನ ಮೊಸರು ಹುಳಿ ಅಂತ ಯಾವ ಮೊಸರಿನವಳೂ ಹೇಳೋದಿಲ್ಲವಲ್ಲ. ಮಾರುವವರು ದುಡ್ಡು ಕೊಟ್ಟು ಹೇಳಿಸುವ ಇಂಥ ಮಾತಿಗೆ ಜಾಹೀರಾತು ಎಂದು ಹೆಸರು.

ಜಾಹೀರಾತು ಎಲ್ಲಾ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಹೊಸ ಬಿತ್ತನೆ ಬೀಜ ಬಂದದ್ದು, ಅಂಗಡಿಯಲ್ಲಿ ಬೆಲೆ ಇಳಿದದ್ದು ನಮಗೆ ಗೊತ್ತಾಗೋದು ಎಷ್ಟೋ ಸಲ ಅದರಿಂದಲೇ. ಆದರೂ ಓದುವಾಗ ಒಂದು ಪ್ರಶ್ನೆ ಕೇಳಬೇಕು. ಈ ಮಾತಿಗೆ ದುಡ್ಡು ಕೊಟ್ಟವರು ಯಾರು?

ಪುಕ್ಕಟೆ ಧಾರಾವಾಹಿಯ ಟಿಕೆಟ್ಟು

ದಿನಪತ್ರಿಕೆಯನ್ನೇ ತೆಗೆದುಕೊಳ್ಳಿ. ಕಾಗದ ಬೇಕು, ಶಾಯಿ ಬೇಕು, ಯಂತ್ರ ಬೇಕು. ಬರೆಯುವವರಿಗೆ ಸಂಬಳ ಕೊಡಬೇಕು. ಬೆಳಗಾಗುವ ಮೊದಲು ಊರೂರಿಗೆ ಮುಟ್ಟಿಸಬೇಕು. ನಮ್ಮ ಭದ್ರಾವತಿಯವರಿಗೆ ಕಾಗದದ ಕೆಲಸ ಎಂಥದ್ದು ಅಂತ ಗೊತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇದ್ದದ್ದು ಅಲ್ಲೇ. ಪತ್ರಿಕೆ ಅಚ್ಚು ಹಾಕುವ ಕಾಗದವೂ ಅಲ್ಲಿ ತಯಾರಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಆ ಕಾರ್ಖಾನೆ ನಿಂತುಹೋಯಿತು.

ನಾವು ಕೊಡುವ ಕೆಲವೇ ರೂಪಾಯಿಯಲ್ಲಿ ಇಷ್ಟೆಲ್ಲ ಖರ್ಚು ಹುಟ್ಟುವುದಿಲ್ಲ. ಉಳಿದ ದುಡ್ಡು ಕೊಡುವವರು ಜಾಹೀರಾತಿನವರು. ಅಡಿಕೆ ತೋಟ ಚೇಣಿಗೆ ಕೊಡ್ತಾರಲ್ಲ, ಹಾಗೇ ಪತ್ರಿಕೆಯವರು ಪುಟದ ಜಾಗವನ್ನು ದುಡ್ಡಿಗೆ ಕೊಡುತ್ತಾರೆ. ಟಿ.ವಿ.ಯಲ್ಲಿ ಜಾಗದ ಬದಲು ಸೆಕೆಂಡು ಮಾರಾಟವಾಗುತ್ತದೆ. ಮೊಬೈಲಿನಲ್ಲೂ ಇದೇ ವ್ಯಾಪಾರ. ಆಕಾಶವಾಣಿ ಭದ್ರಾವತಿ ಸರ್ಕಾರದ ಕೇಂದ್ರ. 1965ರಿಂದ ನಡೆಯುತ್ತಿದೆ. ಬೆಳೆಗೆ ಬಂದ ರೋಗ, ಬಾಣಂತಿ ಆರೈಕೆ, ನಾಟಕ, ಹಾಡು ಎಲ್ಲವನ್ನೂ ಒಲೆ ಮುಂದೆ ಕೂತು ಕೇಳಿದವರು ನಾವು. ಅಲ್ಲಿಯೂ ನಡುನಡುವೆ ಜಾಹೀರಾತು ಬರುತ್ತದೆ.

ಸರಿ, ಜಾಹೀರಾತಿನವರಿಗೆ ದುಡ್ಡು ಎಲ್ಲಿಂದ ಬಂತು? ಇಲ್ಲಿ ಒಂದು ಸೋಪಿನ ಕಥೆ ಹೇಳಬೇಕು.

ಮೈಸೂರು ಸ್ಯಾಂಡಲ್ ಸೋಪು ನಮಗೆಲ್ಲ ಗೊತ್ತು. ಮಗು ಹುಟ್ಟಿದ ಮನೆಗೆ, ಮದುವೆ ಮನೆಗೆ ಕೊಡುತ್ತೇವೆ. 1918ರಿಂದ ಈ ಸೋಪು ಇದೆ. ಗಂಧದ ಎಣ್ಣೆ ತೆಗೆಯುವ ಒಂದು ಕಾರ್ಖಾನೆ 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಶುರುವಾಗಿತ್ತು. ಸೋಪು ಮಾಡುವ ಕಂಪನಿ ರಾಜ್ಯ ಸರ್ಕಾರದ್ದು. 2025ರ ಮೇ ತಿಂಗಳಲ್ಲಿ ಈ ಸೋಪಿನ ಪ್ರಚಾರಕ್ಕೆ ತಮನ್ನಾ ಭಾಟಿಯಾ ಎಂಬ ನಟಿಯನ್ನು ಗೊತ್ತು ಮಾಡಿದರು. ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ ರೂಪಾಯಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ದೊಡ್ಡ ಗಲಾಟೆ ಆಯಿತು. ಹೊರ ರಾಜ್ಯಗಳಲ್ಲಿ ಮಾರಾಟ ಹೆಚ್ಚಬೇಕು, ಅದಕ್ಕೇ ಹೀಗೆ ಮಾಡಿದ್ದು ಎಂದು ಸರ್ಕಾರ ಹೇಳಿತು.

ನಟಿ ಯಾವ ಊರಿನವರು ಎಂಬ ಜಗಳ ಅಲ್ಲಿಗಿರಲಿ. ನಾವು ನೋಡಬೇಕಾದ್ದು ಲೆಕ್ಕ. ಇದೊಂದೇ ಸೋಪಿನ ಲೆಕ್ಕವಲ್ಲ, ಎಲ್ಲ ಸೋಪಿನದೂ ಇಷ್ಟೇ. ಪ್ರಚಾರದ ದುಡ್ಡು ಸೋಪು ಮಾರಿಯೇ ಬರಬೇಕು. ಒಂದೊಂದು ಸೋಪಿನ ಬೆಲೆಯಲ್ಲೂ ಒಂದು ಚೂರು ಜಾಹೀರಾತಿನದು. ಧಾರಾವಾಹಿ ಪುಕ್ಕಟೆ ನೋಡಿದೆವು ಅಂದುಕೊಳ್ಳುತ್ತೇವೆ. ಅದರ ಟಿಕೆಟ್ಟಿನ ದುಡ್ಡನ್ನು ಅಂಗಡಿಯಲ್ಲಿ ಸೋಪಿನ ಜೊತೆ ಕೊಟ್ಟಿರುತ್ತೇವೆ. ಇಂಗ್ಲಿಷಿನಲ್ಲಿ ಧಾರಾವಾಹಿಗೆ ‘ಸೋಪ್’ ಎಂದೇ ಹೆಸರು, ಗೊತ್ತಾ? ಸುಮಾರು 1930ರ ಹೊತ್ತಿಗೆ ಅಮೆರಿಕದ ರೇಡಿಯೋದಲ್ಲಿ ಹೆಂಗಸರಿಗಾಗಿ ಕಣ್ಣೀರಿನ ಧಾರಾವಾಹಿಗಳು ಬರುತ್ತಿದ್ದವು. ಅದಕ್ಕೆ ದುಡ್ಡು ಹಾಕುತ್ತಿದ್ದವರು ಸೋಪಿನ ಕಂಪನಿಯವರು. ಮನೆಯಲ್ಲಿ ಬಟ್ಟೆ ಒಗೆಯುವವಳು ಕೇಳಲಿ, ಸೋಪು ಕೊಳ್ಳಲಿ ಅಂತ.

ಬಿಳುಪು ಹೋಗಿ ಹೊಳಪು ಬಂತು

ಜಾಹೀರಾತು ಮಾಲು ಮಾರುತ್ತದೆ. ಜೊತೆಗೆ ಒಂದು ಮಾತನ್ನೂ ನಮ್ಮ ಮನಸ್ಸಿನೊಳಗೆ ಬಿಡುತ್ತದೆ.

1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ಬಂತು. ‘ಫೇರ್’ ಎಂದರೆ ಬಿಳಿ ಬಣ್ಣದ, ‘ಲವ್ಲಿ’ ಎಂದರೆ ಚೆಂದದ. ಟಿ.ವಿ.ಯಲ್ಲಿ ಅದರ ಜಾಹೀರಾತು ನೋಡಿದ್ದು ನೆನಪಿದೆಯಲ್ಲ? ಕಪ್ಪಗಿರುವ ಹುಡುಗಿ. ಮುಖ ಸಪ್ಪೆ. ಕ್ರೀಮು ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ. ಆಮೇಲೆ ಗಂಡು ಒಪ್ಪುತ್ತಾನೆ, ಇಲ್ಲವೇ ಕೆಲಸ ಸಿಗುತ್ತದೆ.

ಕಪ್ಪು ಹುಡುಗಿ ಕಡಿಮೆ ಎಂಬ ಮಾತು ಆ ಕಂಪನಿಯವರು ಹುಟ್ಟಿಸಿದ್ದೇ? ಅಲ್ಲ. ಅದು ನಮ್ಮ ಮನೆಗಳಲ್ಲೇ ಇತ್ತು. ‘ಹುಡುಗಿ ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದಾಳೆ’ ಅಂತ ಹೆಣ್ಣು ನೋಡಲು ಹೋದ ನಾವೇ ಹೇಳಿದವರು. ಕೂಸು ಹುಟ್ಟಿದ ದಿನವೇ ಕಿವಿಯ ಬಣ್ಣ ನೋಡಿ ದೊಡ್ಡವಳಾದ ಮೇಲಿನ ಬಣ್ಣ ಹೇಳುವವರೂ ನಾವೇ. ಜಾಹೀರಾತಿನವರು ನಮ್ಮ ಮನೆಯ ಮಾತನ್ನೇ ಎತ್ತಿಕೊಂಡು ಹೋಗಿ, ಅದಕ್ಕೆ ಹಾಡು ಹಾಕಿ, ನಮಗೇ ತಂದು ತೋರಿಸಿದರು. ದಿನಕ್ಕೆ ನಾಲ್ಕು ಸಲ ನೋಡಿದ ಮೇಲೆ ನಮ್ಮ ಮಾತೇ ನಿಜ ಅನ್ನಿಸಿತು. ಅಮ್ಮ ಹೇಳಿದ್ದು, ಟಿ.ವಿ. ಹೇಳಿದ್ದು ಒಂದೇ ಆದರೆ ಹದಿನಾಲ್ಕು ವರ್ಷದ ಹುಡುಗಿ ಏನು ಮಾಡಬೇಕು? ಕನ್ನಡಿ ಮುಂದೆ ನಿಂತು ಅಳುತ್ತಾಳೆ.

2020ರಲ್ಲಿ ಅಮೆರಿಕದಲ್ಲಿ ಕಪ್ಪು ಜನರಿಗಾಗುವ ಅನ್ಯಾಯದ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಚರ್ಮದ ಬಣ್ಣದ ಪ್ರಶ್ನೆ ನಮ್ಮ ದೇಶದಲ್ಲೂ ಎದ್ದಿತು. ಅದೇ ವರ್ಷ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ‘ಗ್ಲೋ’ ಎಂದರೆ ಹೊಳಪು. ಹೆಸರಿನಿಂದ ಬಿಳುಪು ಹೋಯಿತು. ನಮ್ಮ ಹೆಣ್ಣು ನೋಡುವ ಶಾಸ್ತ್ರದಿಂದ ಅದಿನ್ನೂ ಹೋಗಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡೋಣ. ಬೆಳ್ಳಗಾಗಲಿ ಅಂತ ಔಷಧಿ ಅಂಗಡಿಯಿಂದ ಸ್ಟಿರಾಯ್ಡ್ ಇರುವ ಮುಲಾಮು ತಂದು ಮುಖಕ್ಕೆ ಹಚ್ಚುವವರಿದ್ದಾರೆ. ಅದು ಚರ್ಮ ರೋಗಕ್ಕೆ ಕೊಡುವ ಔಷಧಿ. ಸುಮ್ಮನೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದು ಎಂದು 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ.

ಡಬ್ಬಿ ಮೇಲಿನ ಗುಂಡು ಮಗು

ಈ ಕಥೆ ಕ್ರೀಮಿಗಿಂತ ದೊಡ್ಡದು. ಇದರಲ್ಲಿ ಮಕ್ಕಳ ಜೀವದ ಮಾತಿದೆ.

ಐವತ್ತು ಅರುವತ್ತು ವರ್ಷಗಳ ಹಿಂದೆ ಮಕ್ಕಳ ಹಾಲಿನ ಪುಡಿ ಮಾಡುವ ಕಂಪನಿಗಳು ಬಡ ದೇಶಗಳಲ್ಲಿ ಭಾರೀ ಪ್ರಚಾರ ನಡೆಸಿದವು. ಡಬ್ಬಿ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ. ಕೆಲವು ದೇಶಗಳಲ್ಲಿ ಕಂಪನಿಯ ಹೆಂಗಸರು ದಾದಿಯರ ಹಾಗೆ ಬಟ್ಟೆ ಹಾಕಿಕೊಂಡು ಬಾಣಂತಿಯರ ಹತ್ತಿರ ಹೋದರು. ಪುಕ್ಕಟೆ ಡಬ್ಬಿ ಕೊಟ್ಟರು. ತಾಯಂದಿರು ನಂಬಿದರು. ಯಾಕೆ ನಂಬಬಾರದು? ದಾದಿ ತಾನೇ ಹೇಳಿದ್ದು!

ಮಗು ಚೀಪಿದಷ್ಟೂ ಎದೆಹಾಲು ಬರುತ್ತದೆ. ಚೀಪುವುದು ನಿಂತರೆ ಹಾಲು ಬತ್ತುತ್ತದೆ. ಪುಕ್ಕಟೆ ಡಬ್ಬಿ ಮುಗಿಯುವ ಹೊತ್ತಿಗೆ ಎಷ್ಟೋ ತಾಯಂದಿರ ಎದೆಹಾಲು ಬತ್ತಿತ್ತು. ಇನ್ನು ದುಡ್ಡು ಕೊಟ್ಟೇ ಡಬ್ಬಿ ತರಬೇಕು. ಬಡವರು ಪುಡಿ ಉಳಿಸಲು ನೀರು ಜಾಸ್ತಿ ಬೆರೆಸಿದರು. ನೀರೂ ಶುದ್ಧವಿಲ್ಲ, ಬಾಟಲಿ ಕುದಿಸಲು ಸೌದೆಯೂ ಇಲ್ಲ. ಮಕ್ಕಳಿಗೆ ಭೇದಿ ಹತ್ತಿತು. ಸೊರಗಿದವು, ಸತ್ತವು. ಪುಡಿ ಎಷ್ಟು, ನೀರು ಎಷ್ಟು ಎಂದು ಡಬ್ಬಿ ಮೇಲೆ ಬರೆದೇ ಇತ್ತು. ಓದು ಬಾರದ ತಾಯಂದಿರಿಗೆ ಕಂಡದ್ದು ಗುಂಡು ಮಗುವಿನ ಚಿತ್ರ ಮಾತ್ರ.

1974ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಪುಸ್ತಕ ಈ ಸಂಗತಿಯನ್ನು ಹೊರಗೆ ಹಾಕಿತು. ಪತ್ರಿಕೆಗಳೂ ಬರೆದವು. ಹಲವು ದೇಶಗಳ ಜನ ಸಿಟ್ಟಿಗೆದ್ದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಲಿನ ಪುಡಿ ಮಾರಾಟಕ್ಕೆ ನಿಯಮ ಮಾಡಿತು. 1992ರಲ್ಲಿ ನಮ್ಮ ದೇಶದಲ್ಲೂ ಕಾನೂನು ಬಂತು. ಅದರಂತೆ ಮಕ್ಕಳ ಹಾಲಿನ ಪುಡಿಗೆ, ಹಾಲಿನ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ. ಬಸುರಿ ಬಾಣಂತಿಯರಿಗೆ ಪುಕ್ಕಟೆ ಡಬ್ಬಿ ಹಂಚುವಂತಿಲ್ಲ. ಡಬ್ಬಿ ಮೇಲೆ ಮಗುವಿನ ಚಿತ್ರವಾಗಲಿ ತಾಯಿಯ ಚಿತ್ರವಾಗಲಿ ಇರಬಾರದು. ತಾಯಿಯ ಹಾಲೇ ಮಗುವಿಗೆ ಉತ್ತಮ ಎಂದು ಎದ್ದು ಕಾಣುವಂತೆ ಬರೆದಿರಬೇಕು. ಔಷಧಿ ಅಂಗಡಿಗೆ ಹೋದಾಗ ಒಂದು ಡಬ್ಬಿ ತಿರುಗಿಸಿ ನೋಡಿ.

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ತೊಂದರೆ ಇದ್ದರೆ ಡಾಕ್ಟರನ್ನು, ಆಶಾ ಅಕ್ಕನನ್ನು ಕೇಳಬೇಕು.

ಪಾಠದಿಂದ ಎದ್ದ ಹೆಂಗಸರು

ಈಗ ಪುಸ್ತಕದ ಕಡೆ ಬರೋಣ. ಪುಸ್ತಕವೂ ನಮ್ಮ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ.

ಎಂ.ಕೆ. ಇಂದಿರಾ ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದರು. ಹನ್ನೆರಡನೆಯ ವಯಸ್ಸಿಗೆ ಮದುವೆ. ಶಾಲೆ ಅಲ್ಲಿಗೆ ನಿಂತಿತು. ಕಾದಂಬರಿ ಬರೆಯಲು ಕೂತಾಗ ವಯಸ್ಸು ನಲವತ್ತು ದಾಟಿತ್ತು. (ತಡವಾಗಿ ಕಲಿತೆವು ಅಂತ ಬೇಸರ ಮಾಡುವವರು ಇದನ್ನು ಎರಡು ಸಲ ಓದಿ.) 1963ರಲ್ಲಿ ಮೊದಲ ಕಾದಂಬರಿ ಬಂತು. ಹೆಸರು ‘ತುಂಗಭದ್ರಾ’. ನಮ್ಮ ಪಕ್ಕದ ಕೂಡ್ಲಿಯಲ್ಲಿ ಎರಡು ಹೊಳೆ ಸೇರಿ ಆಗುವ ಹೆಸರು ಅದೇ.

1976ರಲ್ಲಿ ಅವರ ‘ಫಣಿಯಮ್ಮ’ ಬಂತು. ಚಿಕ್ಕ ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು ಬದುಕಿದ ಹೆಂಗಸಿನ ಕಥೆ. ಕಟ್ಟುಕಥೆ ಅಲ್ಲ, ಅವರು ಚಿಕ್ಕಂದಿನಲ್ಲಿ ಕಂಡಿದ್ದ ಅಜ್ಜಿಯ ಬಾಳು. ಆ ಅಜ್ಜಿ ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡದ್ದು ಮಗಳ ಕಿವಿಗೆ ಬಿದ್ದಿತ್ತು. ಕಥೆಯಲ್ಲಿ ಇನ್ನೊಬ್ಬ ಹುಡುಗಿ ವಿಧವೆಯಾಗಿ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಫಣಿಯಮ್ಮ ಅವಳ ಪರವಾಗಿ ನಿಲ್ಲುತ್ತಾಳೆ. 1983ರಲ್ಲಿ ಇದನ್ನು ಸಿನಿಮಾ ಮಾಡಿದ ಪ್ರೇಮಾ ಕಾರಂತರು ಹುಟ್ಟಿದ್ದು ಭದ್ರಾವತಿಯಲ್ಲಿ. ಇಂಥ ಎಷ್ಟೋ ಅಜ್ಜಿಯರು ಎಲ್ಲರ ಕಣ್ಣೆದುರೇ ಇದ್ದರು, ಮೂಲೆಯಲ್ಲಿ. ಪುಸ್ತಕ ಬಂದ ಮೇಲೆ ಅವರು ಓದಿದವರ ಮನಸ್ಸಿಗೆ ಬಂದರು.

ಇನ್ನೊಂದು ಕಥೆ ನಮ್ಮಂಥವರದೇ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ರಾತ್ರಿ ಪಾಠಕ್ಕೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಅವರ ಪುಸ್ತಕದಲ್ಲಿ ಸೀತಮ್ಮನ ಕಥೆ ಎಂಬ ಪಾಠವಿತ್ತು. ಸೀತಮ್ಮ ಊರ ಹೆಂಗಸರನ್ನು ಸೇರಿಸಿ ಸಾರಾಯಿ ಅಂಗಡಿ ಮುಚ್ಚಿಸುತ್ತಾಳೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಇದನ್ನು ಓದಿದರು. ನಮ್ಮೂರಲ್ಲೂ ಕೂಲಿ ದುಡ್ಡೆಲ್ಲ ಸಾರಾಯಿಗೇ ಹೋಗ್ತಿದೆ, ನಾವ್ಯಾಕೆ ಸುಮ್ಮನಿರಬೇಕು ಅಂತ ಎದ್ದರು. ರೋಸಮ್ಮ ಎಂಬಾಕೆ ಮುಂದೆ ನಿಂತರು. ಅಂಗಡಿ ಮುಚ್ಚಿಸಿದರು. ಆಮೇಲೆ ಈ ದೂಬಗುಂಟದ ಕಥೆಯೇ ಮುಂದಿನ ಪುಸ್ತಕದಲ್ಲಿ ಪಾಠವಾಯಿತು! ಅದನ್ನು ಓದಿ ಬೇರೆ ಊರಿನವರು ಎದ್ದರು. 1992ರ ಹೊತ್ತಿಗೆ ಜಿಲ್ಲೆ ತುಂಬಾ ಚಳವಳಿ. ಪತ್ರಿಕೆಗಳು ಅದನ್ನು ಊರೂರಿಗೆ ಮುಟ್ಟಿಸಿದವು. 1993ರ ಅಕ್ಟೋಬರ್ 1ರಿಂದ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಿತು. 1995ರಲ್ಲಿ ಎಲ್ಲ ಬಗೆಯ ಮದ್ಯವೂ ನಿಂತಿತು. 1997ರಲ್ಲಿ ಅದನ್ನು ಮತ್ತೆ ಸಡಿಲ ಮಾಡಿದರು ಎಂಬುದನ್ನೂ ಹೇಳಬೇಕು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ.

ಮದ್ಯಕ್ಕೆ ಟಿ.ವಿ.ಯಲ್ಲಿ ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಬ್ರಾಂದಿ ವಿಸ್ಕಿಯ ಹೆಸರಿನಲ್ಲೇ ಸೋಡಾ ಬರುತ್ತದೆ, ನೀರಿನ ಬಾಟಲಿ ಬರುತ್ತದೆ. ಅವರು ತೋರಿಸುವುದು ಸೋಡಾ. ನೆನಪಿಸುವುದು ಇನ್ನೊಂದನ್ನು.

ಸುಳ್ಳು ಹೇಳಿ ಮಾರಿದರೆ

ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಬಂಜೆತನ ವಾಸಿ ಮಾಡ್ತೀವಿ, ಎತ್ತರ ಬೆಳೆಸ್ತೀವಿ ಎಂದು ಔಷಧಿಗೆ ಜಾಹೀರಾತು ಕೊಡುವುದು 1954ರಿಂದಲೇ ಅಪರಾಧ. ಆದರೂ ಬಸ್‌ಸ್ಟ್ಯಾಂಡಿನ ಕಂಬದ ಮೇಲೆ ಅಂಥ ಚೀಟಿ ಕಾಣುತ್ತೇವೆ. ಮೊಬೈಲಿನಲ್ಲಿ ಇನ್ನೂ ಹೆಚ್ಚು. ಪತ್ರಿಕೆಯಲ್ಲಿ ಸುದ್ದಿಯ ಹಾಗೇ ಕಾಣುವ ಜಾಹೀರಾತು ಇರುತ್ತದೆ. ಮೂಲೆಯಲ್ಲಿ ಸಣ್ಣಗೆ ‘ಜಾಹೀರಾತು’ ಎಂದು ಹಾಕಿರುತ್ತಾರೆ. ಆ ಮೂಲೆಯನ್ನು ಮೊದಲು ಓದಿ.

ಮೋಸ ಹೋದರೆ 1915 ಎಂಬ ನಂಬರಿಗೆ ಫೋನ್ ಮಾಡಬಹುದು. ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ವಕೀಲರು ಬೇಕೆಂದಿಲ್ಲ, ನಾವೇ ಅರ್ಜಿ ಬರೆದು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ರಶೀದಿ, ಖಾಲಿ ಡಬ್ಬಿ, ಜಾಹೀರಾತಿನ ಹಾಳೆ ಮೂರನ್ನೂ ಎತ್ತಿಡಿ. ಒಲೆಗೆ ಹಾಕಬೇಡಿ.