ಸೋಂಕು ಮತ್ತು ಬುದ್ಧಿಶಕ್ತಿ: ಜೀನು ನುಡಿಯುವ ಸಾಕ್ಷ್ಯ

ಔರಾದ ತಾಲ್ಲೂಕಿನ ಒಂದು ಶಾಲೆಯಲ್ಲಿ ಪದೇ ಪದೇ ಜ್ವರ, ಭೇದಿಗೆ ತುತ್ತಾಗುವ ಮಕ್ಕಳ ಅಂಕಗಳನ್ನು ಉಳಿದ ಮಕ್ಕಳ ಅಂಕಗಳೊಂದಿಗೆ ಹೋಲಿಸಿದೆವೆನ್ನಿ. ಮೊದಲ ಗುಂಪಿನ ಸರಾಸರಿ ಕಡಿಮೆ ಬಂದರೆ, ಸೋಂಕು ಬುದ್ಧಿಶಕ್ತಿಯನ್ನು ಕುಗ್ಗಿಸಿತು ಎನ್ನಬಹುದೇ? ಅವಸರ ಸಲ್ಲದು. ಬಡತನ, ಅಪೌಷ್ಟಿಕತೆ, ಕಲುಷಿತ ನೀರು ಇವು ಸೋಂಕನ್ನೂ ತರುತ್ತವೆ, ಕಲಿಕೆಯನ್ನೂ ಕೆಡಿಸುತ್ತವೆ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ಸೋಂಕಿಗಾಗಿ ಆಸ್ಪತ್ರೆಗೆ ಹೋಗಿದ್ದ ಯುವಕರ ಬುದ್ಧಿಸೂಚ್ಯಂಕ ಸರಾಸರಿಯಲ್ಲಿ ತುಸು ಕಡಿಮೆ ಇತ್ತು. ಅಲ್ಲಿಯೂ ಇದೇ ಸಂದೇಹ ಉಳಿಯುತ್ತದೆ.

ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡುತ್ತೇವೆ. ಮಕ್ಕಳಿಗೆ ಬೇಕೆಂದೇ ಸೋಂಕು ತಗುಲಿಸಲಾಗದು. ಆದರೆ ನಿಸರ್ಗವೇ ಇಂಥ ಪ್ರಯೋಗ ನಡೆಸುತ್ತಿದೆ. ತಂದೆ ಅಥವಾ ತಾಯಿಯಲ್ಲಿ ಒಂದೇ ಪ್ರತಿಯಿರುವ ಜೀನು ಮಗುವಿಗೆ ಬರುವ ಸಂಭವನೀಯತೆ 1/2, ನಾಣ್ಯ ಚಿಮ್ಮಿದಂತೆ. ಮನೆಯ ವರಮಾನಕ್ಕೂ ಈ ಚಿಮ್ಮುವಿಕೆಗೂ ಸಂಬಂಧವಿಲ್ಲ. 1986ರಲ್ಲಿ ಕಟಾನ್ ಎಂಬ ವಿಜ್ಞಾನಿ ಸೂಚಿಸಿದ ಈ ವಿಚಾರವೇ ಮುಂದೆ 'ಮೆಂಡೆಲ್ ಯಾದೃಚ್ಛೀಕರಣ' ಎಂಬ ವಿಧಾನವಾಯಿತು.

ಕುಡುಗೋಲು ಕಣದ ಜೀನನ್ನು ನೋಡಿ. ಅದರ ಒಂದೇ ಪ್ರತಿಯಿದ್ದವರಿಗೆ ತೀವ್ರ ಮಲೇರಿಯಾದಿಂದ ಗಣನೀಯ ರಕ್ಷಣೆ ಇರುವುದನ್ನು 1954ರಲ್ಲಿ ಆಲಿಸನ್ ತೋರಿಸಿದರು. ಘಾನಾ ದೇಶದ ಮಕ್ಕಳಲ್ಲಿ ಮಲೇರಿಯಾ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆಯೇ ಎಂಬುದನ್ನು 2013ರ ಅಧ್ಯಯನವೊಂದು ಇದೇ ಜೀನಿನ ಮೂಲಕ ಪರೀಕ್ಷಿಸಿತು. ಎತ್ತರದ ಬದಲು ಬುದ್ಧಿಶಕ್ತಿಯನ್ನು ಅಳೆದರೆ ನಮ್ಮ ಪ್ರಶ್ನೆಗೂ ಅದೇ ಹಾದಿ. ಉದಾಹರಣೆಗಾಗಿ, ಜೀನಿದ್ದವರಿಗೆ ಸರಾಸರಿ 2 ಬಾರಿ ಕಡಿಮೆ ಮಲೇರಿಯಾ ಬಂದು, ಅವರ ಅಂಕ 1 ಹೆಚ್ಚಿದ್ದರೆ, ಪ್ರತಿ ಮಲೇರಿಯಾದ ನಷ್ಟ 1/2 ಅಂಕ.

ಇದಕ್ಕೆ ಮೂರು ನಿಬಂಧನೆಗಳಿವೆ. ಜೀನು ಸೋಂಕನ್ನು ನಿಜವಾಗಿ ಪ್ರಭಾವಿಸಬೇಕು. ಬಡತನದಂಥ ಅಂಶಗಳೊಡನೆ ಅದಕ್ಕೆ ನಂಟಿರಬಾರದು. ಕೆಲವು ಸಮುದಾಯಗಳಲ್ಲಿ ಒಂದು ಜೀನು ಹೆಚ್ಚಾಗಿದ್ದು, ಬಡತನವೂ ಹೆಚ್ಚಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಒಡಹುಟ್ಟಿದವರ ಹೋಲಿಕೆ ಹೆಚ್ಚು ನಂಬಲರ್ಹ. ಮೂರನೆಯದಾಗಿ, ಜೀನು ಸೋಂಕಿನ ಮೂಲಕವಲ್ಲದೆ ಬೇರೆ ದಾರಿಯಿಂದ ಬುದ್ಧಿಶಕ್ತಿಯನ್ನು ಮುಟ್ಟಬಾರದು. ಕೊನೆಯದನ್ನು ಪೂರ್ಣವಾಗಿ ಸಾಬೀತುಪಡಿಸುವುದು ಕಷ್ಟ.

ಇಲ್ಲಿ ಜೀನು ಕೇವಲ ಅಳತೆಗೋಲು. ಯಾವುದೇ ಜಾತಿ, ಸಮುದಾಯ ಹುಟ್ಟಿನಿಂದಲೇ ಜಾಣ ಅಥವಾ ದಡ್ಡ ಎಂದು ಈ ವಿಧಾನ ಹೇಳುವುದಿಲ್ಲ. ಅದು ಕೇಳುವುದು, ತಡೆಯಬಹುದಾದ ಸೋಂಕಿನಿಂದ ಮಗು ಎಷ್ಟು ಕಳೆದುಕೊಂಡಿತು ಎಂದು. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರಿ ರಕ್ತಹೀನತೆ ತರುತ್ತದೆ; ಅದನ್ನು ನಿವಾರಿಸಲೆಂದೇ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ, ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಮಗುವನ್ನು ದಡ್ಡನೆನ್ನುವ ಮೊದಲು ಶಿಕ್ಷಕರು ಅದರ ಆರೋಗ್ಯವನ್ನು ವಿಚಾರಿಸುವುದು ಒಳಿತು.